ಎಂಆರ್‌ಐ ಕ್ಲಿಯರ್ ಅಂತು, ಆಂಜಿಯೋ ಇನ್ನೂ ಇದೆ ಅಂತು: ಮೆದುಳಿನ ಒಂದು ಎವಿಎಂ ಕೇಸ್

ಈ ಕೇಸ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಎವಿಎಂ ಅಂದ್ರೆ ರಕ್ತ ತರೋ ಆರ್ಟರಿ, ವಾಪಸ್ ಒಯ್ಯೋ ವೇನ್ ಎರಡೂ ನೇರವಾಗಿ ಸೇರ್ಕೊಂಡಿರೋ ರಕ್ತನಾಳಗಳ ಗೋಜಲು. ಮನೆಯವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗಬಾರದು ಅಂತ ಊರು, ವಯಸ್ಸು, ಸಂಬಂಧಿಕರ ವಿವರ ಸ್ವಲ್ಪ ಬದಲಾಯಿಸಿದ್ದೀನಿ, ಆಸ್ಪತ್ರೆಗಳ ಹೆಸರು ಹಾಕಿಲ್ಲ. ನಾನು ನ್ಯೂರೋ ರೇಡಿಯಾಲಜಿಯವಳು, ಅಂದ್ರೆ ಮೆದುಳಿನ ಸ್ಕ್ಯಾನ್ ಓದೋದು, ಡೈ ಬಿಟ್ಟು ರಕ್ತನಾಳ ನೋಡೋ ಆಂಜಿಯೋ ಮಾಡೋದು ನನ್ನ ಕೆಲಸ. ರೇಡಿಯೋಸರ್ಜರಿ (ಕುಯ್ಯದೆ ರೇಡಿಯೇಷನ್ ಕಿರಣಗಳಿಂದ ಮಾಡೋ ಚಿಕಿತ್ಸೆ) ಅಂದ ತಕ್ಷಣ ಎಲ್ರೂ ಆ ದೊಡ್ಡ ಮೆಷಿನ್ ಬಗ್ಗೆನೇ ಮಾತಾಡ್ತಾರೆ. ಆದ್ರೆ ಈ ಹುಡುಗಿ ವಿಷಯದಲ್ಲಿ ಆಕಡೆ ಈಕಡೆ ಆಗಬಹುದಾಗಿದ್ದ ಪ್ರತಿಯೊಂದು ಕಡೆನೂ ನಿರ್ಧಾರ ಆಗಿದ್ದು ಯಾವ ಸ್ಕ್ಯಾನ್ ಯಾವಾಗ ಮಾಡಿದ್ರು, ಅದನ್ನ ಯಾರು ಏನು ಗೊತ್ತಿದ್ದು ಓದಿದ್ರು ಅನ್ನೋದರ ಮೇಲೆ.

ಹುಡುಗಿಗೆ ಆಗ 22 ವರ್ಷ, ಗಾರ್ಮೆಂಟ್ಸಲ್ಲಿ ಟೈಲರ್. ಬಿಪಿ ಇಲ್ಲ, ಶುಗರ್ ಇಲ್ಲ, ಹಿಂದೆ ಯಾವತ್ತೂ ಆಸ್ಪತ್ರೆ ಮೆಟ್ಟಿಲು ಹತ್ತಿದವಳಲ್ಲ. ಒಂದಿನ ಬೆಳಿಗ್ಗೆ ಮುಖ ತೊಳೀತಿರೋವಾಗ ತಲೆ ಸಿಡಿದು ಹೋಗೋ ಹಾಗೆ ನೋವು, ಹಿಂದೇನೇ ವಾಂತಿ, ಅರ್ಧ ಗಂಟೆ ಒಳಗೆ ಮಂಪರು, ಬಲಗೈ ಬಲಗಾಲು ಎತ್ತೋಕಾಗ್ತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಸಿಟಿ ಮಾಡಿದ್ರೆ ಎಡಗಡೆ ಥಾಲಮಸ್‌ನಲ್ಲಿ, ಅಂದ್ರೆ ಮೆದುಳಿನ ಆಳದ ಒಂದು ಭಾಗದಲ್ಲಿ, ರಕ್ತಸ್ರಾವ, ಅದು ಒಡೆದು ಮೆದುಳಿನ ಒಳಗಿನ ನೀರಿನ ಕೋಣೆಗಳಿಗೂ ನುಗ್ಗಿದೆ, ನೀರು ಹರಿಯೋ ದಾರಿ ಕಟ್ಕೊಂಡು ಕೋಣೆಗಳು ಊದ್ಕೊಂಡಿವೆ. ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿ ಅಲ್ಲಿ ತಲೆಗೆ ಒಂದು ಸಣ್ಣ ಟ್ಯೂಬ್ ಹಾಕಿ ನೀರು ಹೊರಗೆ ಬಿಟ್ರು, ಅದೇ ಅವಳ ಜೀವ ಉಳಿಸಿದ್ದು. ವಾರದೊಳಗೆ ಕಣ್ಣು ಬಿಟ್ಲು, ಅಮ್ಮನ್ನ ಗುರುತು ಹಿಡಿದ್ಲು, ಬಲಗೈ ನಿಧಾನಕ್ಕೆ ಬಂತು.

ಆ ಅಡ್ಮಿಷನ್‌ನಲ್ಲೇ ಸಿಟಿ ಆಂಜಿಯೋನೂ ಆಯ್ತು, ರಕ್ತನಾಳದೊಳಗೆ ಕ್ಯಾತಿಟರ್ ಅನ್ನೋ ಸಣ್ಣ ನಳಿಕೆ ಹಾಕಿ ಮಾಡೋ ಆಂಜಿಯೋ, ಅಂದ್ರೆ ಡಿಎಸ್‌ಎನೂ ಆಯ್ತು. ಎರಡರಲ್ಲೂ ಏನೂ ಇಲ್ಲ. ಥಾಲಮಸ್ ಅಂದ್ರೆ ಬಿಪಿ ಜಾಸ್ತಿ ಆಗಿ ರಕ್ತಸ್ರಾವ ಆಗೋ ಮಾಮೂಲಿ ಜಾಗ ಬೇರೆ, ಅಡ್ಮಿಟ್ ಆದಾಗ ನೋವಲ್ಲಿ ಬಿಪಿ ಏರಿತ್ತು ಕೂಡ, ಹಾಗಾಗಿ ಫೈಲಲ್ಲಿ 'ಬಿಪಿ ಬ್ಲೀಡ್' ಅಂತ ಬಿತ್ತು, ಬಿಪಿ ಮಾತ್ರೆನೂ ಶುರು ಆಯ್ತು. ಕೇಸ್ ಇಲ್ಲಿಗೇ ಮುಗಿದು ಹೋಗ್ತಿತ್ತು. ಮುಗೀದೇ ಇದ್ದಿದ್ದು ಯಾಕೆ ಅಂದ್ರೆ ಒಬ್ಬ ನ್ಯೂರೋಸರ್ಜನ್ ಡಿಸ್ಚಾರ್ಜ್ ಸಮ್ಮರಿ ಕೆಳಗೆ ಪೆನ್ನಲ್ಲಿ ಒಂದು ಸಾಲು ಸೇರಿಸಿದ್ರು: ವಯಸ್ಸು ಚಿಕ್ಕದು, ಮೂರು ತಿಂಗಳಿಗೆ ಆಂಜಿಯೋ ಮತ್ತೆ ಮಾಡಲೇಬೇಕು.

ಆ ಸಾಲಿನ ಹಿಂದೆ ಇರೋ ಲೆಕ್ಕ ಏನು ಅಂದ್ರೆ, ಹೆಪ್ಪುಗಟ್ಟಿದ ರಕ್ತ ಸುತ್ತಲಿನ ಸಣ್ಣ ರಕ್ತನಾಳಗಳನ್ನ ಒತ್ತಿ ಹಿಡಿದಿರುತ್ತೆ. ಒಳಗೆ ಸಣ್ಣ ಎವಿಎಂ ಇದ್ರೂ ಆ ಒತ್ತಡದಲ್ಲಿ ಅದಕ್ಕೆ ಡೈ ಹೋಗೋದೇ ಇಲ್ಲ, ಆಂಜಿಯೋ ಕ್ಲೀನಾಗಿ ಕಾಣುತ್ತೆ. ಹೆಪ್ಪು ಕರಗಿದ ಮೇಲೆ ಮತ್ತೆ ನೋಡಿದ್ರೆ ಕೆಲವರಲ್ಲಿ ಹೊರಗೆ ಬರುತ್ತೆ. ಬಿಪಿ ಇಲ್ಲದ ಚಿಕ್ಕ ವಯಸ್ಸಿನವರಲ್ಲಿ ಮೆದುಳಿನ ರಕ್ತಸ್ರಾವ ಆದಾಗ ಮೊದಲ ಆಂಜಿಯೋ ನೆಗೆಟಿವ್ ಬಂತು ಅಂದ್ರೆ ಪರೀಕ್ಷೆ ಅರ್ಧ ಆಯ್ತು ಅಂತಷ್ಟೇ ಲೆಕ್ಕ.

ಅವಳ ಅಣ್ಣ ಆ ಸಾಲು ಹಿಡ್ಕೊಂಡು ನಮ್ಮಲ್ಲಿಗೆ ಕರ್ಕೊಂಡು ಬಂದ. ನಾವು ಮಾಡಿದ ಡಿಎಸ್‌ಎನಲ್ಲಿ, ಕುತ್ತಿಗೆ ಹಿಂಭಾಗದಿಂದ ಹೋಗೋ ವರ್ಟಿಬ್ರಲ್ ಆರ್ಟರಿಗೆ ಡೈ ಬಿಟ್ಟಾಗ, ಎಡ ಥಾಲಮಸ್‌ನಲ್ಲಿ ನೈಡಸ್, ಅಂದ್ರೆ ಎವಿಎಂ ಗೋಜಲಿನ ತಿರುಳು, ಕಾಣ್ತು. ಮೂರು ಸೆಂಟಿಮೀಟರಿಗಿಂತ ಚಿಕ್ಕದು, ಕೂದಲೆಳೆಯಂಥ ಸಣ್ಣ ಸಣ್ಣ ಆರ್ಟರಿಗಳಿಂದ ರಕ್ತ ಬರ್ತಿದೆ, ಸೀದಾ ಆಳದ ವೇನ್‌ಗೆ ಬೀಳ್ತಿದೆ.

ಎವಿಎಂ ಅಂದ್ರೇನು ಅಂತ ಮನೆಯವರಿಗೆ ಹೇಳುವಾಗ, ಅವರು ನಾಲೆ ಬಯಲಿನವರು ಆದ್ದರಿಂದ, ನೀರಿನ ಲೆಕ್ಕದಲ್ಲೇ ಹೇಳಿದೆ. ನಾಲೆ ನೀರು ತೂಬಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹೋಗಿ ರಭಸ ಎಲ್ಲ ಕಳ್ಕೊಂಡು ಆಮೇಲೆ ಬಸಿಗಾಲುವೆಗೆ ಇಳಿಯುತ್ತಲ್ವಾ, ಇಲ್ಲಿ ನಾಲೆನೇ ನೇರವಾಗಿ ಬಸಿಗಾಲುವೆಗೆ ಒಡೆದಿದೆ, ಆ ರಭಸ ತಡ್ಕೊಳ್ಳೋಕೆ ಬಸಿಗಾಲುವೆ ದಂಡೆ ಮಾಡಿದ್ದಲ್ಲ. ಅಣ್ಣನಿಗೆ ತಕ್ಷಣ ಅರ್ಥ ಆಯ್ತು, "ಹಂಗಾರೆ ದಂಡೆ ಇನ್ನೊಂದ್ಸಲ ಒಡೀಬೋದಲ್ವಾ ಮೇಡಂ" ಅಂದ. ಹೌದು, ಅದೇ ಪ್ರಶ್ನೆ. ಯಾವತ್ತೂ ಒಡೆಯದ ಎವಿಎಂಗೆ ವರ್ಷಕ್ಕೆ ನೂರಕ್ಕೆ ಸುಮಾರು 2ರಷ್ಟು ಅಪಾಯ, ಒಂದು ಸಲ ಒಡೆದಿದ್ದಕ್ಕೆ ವರ್ಷಕ್ಕೆ 4ರಿಂದ 5. ಆಳದಲ್ಲಿದ್ದು ಆಳದ ವೇನ್‌ಗೇ ಹರಿಯೋದಾದ್ರೆ ಇನ್ನೂ ಜಾಸ್ತಿ. 22 ವರ್ಷದವಳ ಮುಂದೆ ಇನ್ನೂ ಎಷ್ಟು ವರ್ಷ ಇದೆ ಅಂತ ಯೋಚಿಸಿದ್ರೆ ಸುಮ್ನೆ ಬಿಡೋ ಮಾತೇ ಇಲ್ಲ.

ಅಣ್ಣ ಮಾತ್ರ ಸುಮ್ನೆ ಒಪ್ಕೊಳ್ಳೋನಲ್ಲ, ಫೋನಲ್ಲಿ ಓದ್ಕೊಂಡು ಬಂದಿದ್ದ. ಎವಿಎಂ ಮುಟ್ಟದೇ ಇದ್ರೇನೇ ಒಳ್ಳೇದು ಅಂತ ಒಂದು ದೊಡ್ಡ ಟ್ರಯಲ್ ಹೇಳಿದೆಯಂತೆ, ನೀವ್ಯಾಕೆ ಮುಟ್ಟಬೇಕು ಅಂತೀರಾ ಅಂತ ಕೇಳಿದ. ಇಂಥ ಪ್ರಶ್ನೆ ಕೇಳೋರು ಇದ್ರೆ ನಂಗೆ ನಿಜವಾಗ್ಲೂ ಖುಷಿ. ಅವನು ಹೇಳಿದ್ದು ಅರೂಬಾ ಟ್ರಯಲ್, 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದ್ದು, 223 ಜನರನ್ನ ಸರಾಸರಿ 33 ತಿಂಗಳು ನೋಡಿ, ಚಿಕಿತ್ಸೆ ಮಾಡಿಸ್ಕೊಂಡೋರಲ್ಲೇ ಸ್ಟ್ರೋಕ್ ಮತ್ತು ಸಾವು ಜಾಸ್ತಿ ಅಂತ ಕಂಡು ಮಧ್ಯದಲ್ಲೇ ನಿಲ್ಲಿಸಿದ್ರು. ಆದ್ರೆ ಅದರಲ್ಲಿ ಇದ್ದಿದ್ದೆಲ್ಲ ಒಡೆಯದ ಎವಿಎಂಗಳು. ಇವಳದ್ದು ಒಡೆದಿದೆ. ಒಡೆಯದೇ ಇರೋದು ಬೇರೆ ಯಾವುದಕ್ಕೋ ಮಾಡಿಸಿದ ಎಂಆರ್‌ಐನಲ್ಲಿ ಸಿಕ್ಕಿದ್ರೆ ಅವನ ಪ್ರಶ್ನೆನೇ ನನ್ನ ಪ್ರಶ್ನೆನೂ ಆಗಿರ್ತಿತ್ತು.

ಇನ್ನು ಹೇಗೆ ಅನ್ನೋದು. ಸ್ಪೆಟ್ಜ್ಲರ್ ಮಾರ್ಟಿನ್ ಅಂತ ಆಪರೇಷನ್ ಎಷ್ಟು ಅಪಾಯ ಅಂತ ಅಳೆಯೋಕೆ 1986ರಿಂದ ಬಳಸೋ ಒಂದು ಗ್ರೇಡಿಂಗ್ ಇದೆ, ಇವಳಿಗೆ ಸೈಜಿಗೆ ಒಂದು, ಮುಖ್ಯವಾದ ಜಾಗಕ್ಕೆ ಒಂದು, ಆಳದ ವೇನ್‌ಗೆ ಒಂದು, ಒಟ್ಟು 3. ಆದ್ರೆ ಗ್ರೇಡ್ 3 ಅನ್ನೋದು ಒಂದೇ ಜಾತಿ ಅಲ್ಲ, ಮೇಲ್ಗಡೆ ಇರೋ ದೊಡ್ಡದೂ 3 ಆಗಬಹುದು, ಆಳದಲ್ಲಿರೋ ಚಿಕ್ಕದೂ 3 ಆಗಬಹುದು, ಎರಡರ ದಾರಿ ಪೂರ್ತಿ ಬೇರೆ. ಆಪರೇಷನ್ ಮಾಡೋದಾದ್ರೆ ಒಳ್ಳೇ ಮೆದುಳನ್ನ ದಾಟ್ಕೊಂಡೇ ಥಾಲಮಸ್‌ಗೆ ಹೋಗಬೇಕು, ಪಕ್ಕದಲ್ಲೇ ಕೈಕಾಲಿನ ನರತಂತುಗಳು ಇಳಿಯೋ ಇಂಟರ್ನಲ್ ಕ್ಯಾಪ್ಸೂಲ್. ಸರ್ಜನ್ನೇ ಬೇಡ ಅಂದ್ರು. ಗ್ಲೂ ಹಾಕಿ ಮುಚ್ಚೋ ಎಂಬೋಲೈಸೇಷನ್ ನನ್ನ ವಿಭಾಗದ ಕೆಲಸ, ಅದನ್ನೂ ಬೇಡ ಅಂತ ನಾವೇ ಹೇಳಿದ್ವಿ. ಆ ಆರ್ಟರಿಗಳು ತುಂಬಾ ಸಣ್ಣ, ಗ್ಲೂ ಒಂಚೂರು ಹಿಂದಕ್ಕೆ ಬಂದ್ರೂ ಥಾಲಮಸ್‌ಗೆ ಸ್ಟ್ರೋಕ್, ಮುಂದಕ್ಕೆ ಹೋಗಿ ವೇನ್ ಕಟ್ಟಿದ್ರೆ ಅಲ್ಲೇ ಒಡೆಯುತ್ತೆ. ಅರ್ಧ ಮುಚ್ಚಿ ಬಿಟ್ರೆ ಅಪಾಯ ಅರ್ಧ ಆಗಲ್ಲ, ಜೊತೆಗೆ ಆ ಮೆಟೀರಿಯಲ್ ಮುಂದೆ ರೇಡಿಯೇಷನ್ ಟಾರ್ಗೆಟ್ ಬರಿಯೋವಾಗ ಅಡ್ಡ ಬರುತ್ತೆ.

ಉಳಿದಿದ್ದು ಗಾಮಾ ನೈಫ್. ಹೆಸರಲ್ಲಿ ನೈಫ್ ಇದ್ರೂ ಕುಯ್ಯೋದು ಏನೂ ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲೇ ಈ ರೇಡಿಯೋಸರ್ಜರಿ ಕಲ್ಪನೆ ಮುಂದಿಟ್ರು, ಎವಿಎಂಗೆ ಮೊದಲ ಸಲ ಬಳಸಿದ್ದು 1970ರಲ್ಲಿ ಸ್ಟಾಕ್‌ಹೋಮ್‌ನಲ್ಲಿ. ಈಗಿನ ಮೆಷಿನ್‌ನಲ್ಲಿ 192 ಕೋಬಾಲ್ಟ್ ಸೋರ್ಸ್ ಇರುತ್ತೆ, ಒಂದೊಂದು ಕಿರಣವೂ ತಾನಾಗಿ ದುರ್ಬಲ, ಎಲ್ಲವೂ ಸೇರೋ ಜಾಗದಲ್ಲಿ ಮಾತ್ರ ಜೋರು. ನಮ್ಮ ದೇಶದಲ್ಲಿ ದೆಹಲಿಯ ಏಮ್ಸ್‌ಗೆ 1997ರಲ್ಲೇ ಬಂತು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ, ಹಾಗಾಗಿ ಇದಕ್ಕೆ ಫಾರಿನ್ನಿಗೆ ಹೋಗಬೇಕು ಅನ್ನೋ ಭಯ ಬೇಡ. ಆದ್ರೆ ಒಪ್ಪಿಗೆ ಸಹಿ ಹಾಕಿಸೋ ಮುಂಚೆ ಒಂದು ವಿಷಯ ಒತ್ತಿ ಒತ್ತಿ ಹೇಳಬೇಕು: ರೇಡಿಯೇಷನ್ ಕೊಟ್ಟ ದಿನ ಏನೂ ಮುಚ್ಚಲ್ಲ. ರಕ್ತನಾಳದ ಒಳಪದರಕ್ಕೆ ಪೆಟ್ಟು ಬಿದ್ದು, ಗೋಡೆ ನಿಧಾನಕ್ಕೆ ದಪ್ಪ ಆಗ್ತಾ ಆಗ್ತಾ ಒಳದಾರಿ ಕಿರಿದಾಗಿ ಮುಚ್ಚೋಕೆ ಎರಡರಿಂದ ಮೂರು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲೀವರೆಗೂ ಒಡೆಯೋ ಅಪಾಯ ಹಾಗೇ ಇರುತ್ತೆ. ಸಣ್ಣ ನೈಡಸ್ ಆದ್ರೆ ನೂರಕ್ಕೆ 70ರಿಂದ 80 ಜನರಿಗೆ ಪೂರ್ತಿ ಮುಚ್ಚುತ್ತೆ, ಉಳಿದವರಿಗೆ ಇಲ್ಲ. ಇದನ್ನ ಹೇಳ್ದೆ ಕಳಿಸಿದ್ರೆ ಆರು ತಿಂಗಳಿಗೆ ಬಂದು "ಇನ್ನೂ ಹೋಗಿಲ್ವಾ" ಅಂತಾರೆ, ನಂಬಿಕೆನೂ ಹೋಗುತ್ತೆ, ಫಾಲೋಅಪ್ಪೂ ಹೋಗುತ್ತೆ.

ಅವಳಮ್ಮ ಎಲ್ಲ ಕೇಳಿಸ್ಕೊಂಡು ಕೊನೇಗೆ ಕೇಳಿದ್ದು ಒಂದೇ, "ತಲೆ ಬೋಳಿಸ್ತೀರೇನವ್ವಾ?" ಇಲ್ಲ ಅಮ್ಮಾ, ಒಂದು ಕೂದಲೂ ತೆಗೆಯಲ್ಲ, ಹಿಂದಿನ ರಾತ್ರಿ ಶಾಂಪೂ ಹಾಕಿ ತಲೆ ಸ್ನಾನ ಮಾಡ್ಸಿ ಸಾಕು ಅಂದೆ. ಆ ಉತ್ತರಕ್ಕೆ ಆಯಮ್ಮನ ಮುಖದಲ್ಲಿ ಬಂದ ನಿರಾಳ, ನಾವು ಹೇಳಿದ ಯಾವ ಪರ್ಸೆಂಟೇಜಿಗೂ ಬಂದಿರ್ಲಿಲ್ಲ.

ಟ್ರೀಟ್ಮೆಂಟ್ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ನನ್ನ ಪ್ರಕಾರ ಈ ಕೇಸಿನ ಜೀವ ಇರೋದೇ ಅಲ್ಲಿ. ಬೆಳಿಗ್ಗೆ ಹಣೆ ಮೇಲೆ ಎರಡು ಕಡೆ, ತಲೆ ಹಿಂದೆ ಎರಡು ಕಡೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ನಾಲ್ಕು ಪಿನ್ನಿಂದ ಲೋಹದ ಫ್ರೇಮ್ ಕೂರಿಸ್ತಾರೆ. ಇಂಜೆಕ್ಷನ್ ಉರಿಯುತ್ತೆ, ಆಮೇಲೆ ನೋವಿಗಿಂತ ಬಿಗಿ ಜಾಸ್ತಿ. ಫ್ರೇಮ್ ಇದ್ದ ಹಾಗೇ ಎಂಆರ್‌ಐ, ಅದೇ ಫ್ರೇಮಲ್ಲೇ ತೊಡೆಸಂದಿಯಿಂದ ಕ್ಯಾತಿಟರ್ ಹಾಕಿ ಡಿಎಸ್‌ಎ. ಫ್ರೇಮ್‌ಗೆ ಸಿಕ್ಕಿಸೋ ಬಾಕ್ಸಿನಲ್ಲಿರೋ ಗುರುತುಗಳು ಎರಡೂ ಚಿತ್ರದಲ್ಲಿ ಬರುತ್ತವೆ, ಅದರಿಂದ ಕಂಪ್ಯೂಟರ್ ಎರಡನ್ನೂ ಒಂದೇ ಅಳತೆಗೆ ಕೂರಿಸುತ್ತೆ.

ಆ ದಿನ ಚರ್ಚೆ ಆಗಿದ್ದು, ಡಿಎಸ್‌ಎ ಇವತ್ತೇ ಮತ್ತೆ ಯಾಕೆ, ಹಳೇದು ಇದೆಯಲ್ಲ, ಎಂಆರ್‌ಐ ಚೆನ್ನಾಗಿ ಬಂದಿದೆಯಲ್ಲ, ಹುಡುಗಿಗೆ ಇನ್ನೊಂದು ಕ್ಯಾತಿಟರ್ ಚುಚ್ಚೋದು ಯಾಕೆ ಅಂತ. ನ್ಯಾಯವಾದ ಮಾತೇ. ಮೊದಲು ಬರೀ ಎಂಆರ್‌ಐ ಮೇಲೆ ಟಾರ್ಗೆಟ್ ಬರೆದ್ರೆ 4.1 ಎಂಎಲ್ ಬಂತು. ಎಂಆರ್‌ಐನಲ್ಲಿ ಜೋರಾಗಿ ರಕ್ತ ಹರಿಯೋ ಜಾಗ ಎಲ್ಲ ಕಪ್ಪು ಚುಕ್ಕಿ ಕಪ್ಪು ಗೆರೆ ಥರ ಕಾಣುತ್ತೆ, ಅದರಲ್ಲಿ ನೈಡಸ್ ಯಾವುದು, ಊದ್ಕೊಂಡಿರೋ ವೇನ್ ಯಾವುದು ಅಂತ ಬೇರೆ ಮಾಡೋಕೆ ಕಷ್ಟ. ಡಿಎಸ್‌ಎನಲ್ಲಿ ಸಮಯ ಸಿಗುತ್ತೆ. ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗ್ತಾ ನೋಡಿದ್ರೆ ಮೊದಲು ಆರ್ಟರಿ, ಮುಂದಿನ ಒಂದೆರಡು ಫ್ರೇಮಲ್ಲಿ ನೈಡಸ್ ಮಸುಕು ಮಸುಕಾಗಿ ತುಂಬುತ್ತೆ, ಅದಾದ ತಕ್ಷಣ ವೇನ್ ಕಪ್ಪಾಗುತ್ತೆ. ನಮಗೆ ಬೇಕಿರೋದು ಆ ನಡುವಿನ ಒಂದೆರಡು ಫ್ರೇಮ್ ಮಾತ್ರ. ಅದನ್ನ ಹಿಡ್ಕೊಂಡು ಮತ್ತೆ ಬರೆದಾಗ ಟಾರ್ಗೆಟ್ 2.6 ಎಂಎಲ್‌ಗೆ ಇಳೀತು, ಹೋಗಿದ್ದೆಲ್ಲ ಹಿಂದ್ಗಡೆ ವೇನ್ ಸುರುಳಿ. ಎಂಆರ್‌ಐನಲ್ಲಿ ನಾವು ಬಿಟ್ಟಿದ್ದ ಒಂದು ಸಣ್ಣ ಮೂಲೆ ಡಿಎಸ್‌ಎನಲ್ಲಿ ನೈಡಸ್ ಅಂತ ಗೊತ್ತಾಗಿ ಒಳಗೆ ಸೇರ್ತು.

ಇದರಿಂದ ಆಗಿದ್ದೇನು ಅಂದ್ರೆ, ಟಾರ್ಗೆಟ್ ಅಂಚಿಗೆ 18 ಗ್ರೇ (ಗ್ರೇ ಅಂದ್ರೆ ರೇಡಿಯೇಷನ್ ಅಳೆಯೋ ಮಾನ) ಡೋಸ್ ಕೊಡೋಕೆ ಧೈರ್ಯ ಬಂತು. ಟಾರ್ಗೆಟ್ ದೊಡ್ಡದಾದ್ರೆ 12 ಗ್ರೇಗಿಂತ ಜಾಸ್ತಿ ತಗೊಳ್ಳೋ ಒಳ್ಳೇ ಮೆದುಳಿನ ಪ್ರಮಾಣ ಏರುತ್ತೆ, ರೇಡಿಯೇಷನ್ ತೊಂದರೆ ಬರೋದು ಅದರ ಮೇಲೇ ಹೋಗುತ್ತೆ. ಅದಕ್ಕೆ ಹೆದರಿ ಡೋಸ್ ಇಳಿಸಿದ್ರೆ ಮುಚ್ಚೋ ಸಾಧ್ಯತೆ ಇಳಿಯುತ್ತೆ. ಫಲಿತಾಂಶ ಹೇಗಿರಬಹುದು ಅಂತ ಅಂದಾಜು ಮಾಡೋಕೆ ಪೊಲಾಕ್ ಫ್ಲಿಕಿಂಜರ್ ಸ್ಕೋರ್ ಅಂತ ಒಂದಿದೆ, ವಾಲ್ಯೂಮ್‌ಗೆ 0.1, ವಯಸ್ಸಿಗೆ 0.02 ಗುಣಿಸಿ, ಥಾಲಮಸ್‌ನಂಥ ಆಳದ ಜಾಗ ಆದ್ರೆ 0.5 ಸೇರಿಸೋದು. ಇವಳಿಗೆ 1.2 ಬಂತು. 1ಕ್ಕಿಂತ ಕಡಿಮೆ ಇದ್ರೆ ತುಂಬಾ ಒಳ್ಳೇದು, 2 ದಾಟಿದ್ರೆ ಕಷ್ಟ, ಇವಳು ಮಧ್ಯದಲ್ಲಿ ಒಳ್ಳೇ ಕಡೆಗೆ. ಮಧ್ಯಾಹ್ನ ಟ್ರೀಟ್ಮೆಂಟ್ ಆಯ್ತು, ಎಚ್ಚರವಾಗೇ ಮಲಗಿದ್ಲು, ಸಂಜೆ ಫ್ರೇಮ್ ತೆಗೆದ್ರು, ಮಾರನೇ ದಿನ ಮನೆಗೆ ಹೋದ್ಲು.

ಹತ್ತು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಬಲಗೈ ಕೈ ಕೊಡೋಕೆ ಶುರು ಆಯ್ತು. ಡಾಕ್ಟರುಗಳು ಮಾಡೋ ಕೈ ಹಿಸುಕಿಸೋ ಪರೀಕ್ಷೆಯಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ, ಅವಳಿಗೇ ಗೊತ್ತಾಗಿದ್ದು ಮೆಷಿನ್ ಸೂಜಿಗೆ ದಾರ ಪೋಣಿಸುವಾಗ. ಮೊದಲು ಕಣ್ಣು ಮುಚ್ಚಿ ಪೋಣಿಸ್ತಿದ್ದವಳು ಈಗ ಪಕ್ಕದವಳ ಹತ್ರ ಕೊಡ್ತಿದ್ಲು. ತಲೆನೋವೂ ಇತ್ತು. ಊರ ಹತ್ತಿರದ ಸೆಂಟರಲ್ಲಿ ಎಂಆರ್‌ಐ ಮಾಡಿಸಿದ್ರು, ಹಳೇ ಫೈಲ್ ಮನೇಲೇ ಇತ್ತು, ಕಳಿಸಿದ ಚೀಟಿಯಲ್ಲಿ 'ಬಲಗೈ ದೌರ್ಬಲ್ಯ' ಅಂತಷ್ಟೇ. ಎಡ ಥಾಲಮಸ್ ಸುತ್ತ ಬೆಳ್ಳಗೆ ಊತ, ಮಧ್ಯದಲ್ಲಿ ಕಾಂಟ್ರಾಸ್ಟ್ ಹಿಡಿಯೋ ಗಂಟು, ರಿಪೋರ್ಟ್ ಬಂತು: ಗ್ಲಿಯೋಮಾ (ಮೆದುಳಿನ ಒಂದು ಥರದ ಗಡ್ಡೆ) ಇರಬಹುದು, ಬಯಾಪ್ಸಿ ಮಾಡಿಸಿ. ಆ ರೇಡಿಯಾಲಜಿಸ್ಟ್ ಮೇಲೆ ನಂಗೆ ಬೇಜಾರಿಲ್ಲ, ಹಿನ್ನೆಲೆ ಕೊಡದೆ ಆ ಫಿಲ್ಮ್ ನನ್ನ ಮುಂದಿಟ್ಟಿದ್ರೂ ಗಡ್ಡೆನೂ ಪಟ್ಟಿಯಲ್ಲಿ ಇರ್ತಿತ್ತು. ಬಯಾಪ್ಸಿಗೆ ಡೇಟ್ ಕೂಡ ಸಿಕ್ಕಿತ್ತು. ಇನ್ನೂ ಮುಚ್ಚದ ಎವಿಎಂ ಒಳಗೆ ಬಯಾಪ್ಸಿ ಸೂಜಿ ಹೋದ್ರೆ ಏನಾಗ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಅಮ್ಮನೇ ತಡೆದಿದ್ದು. "ಆ ಬೆಂಗ್ಳೂರ್ ಮೇಡಂಗೆ ಒಂದ್ಮಾತು ಕೇಳೋ" ಅಂತ ಮಗನ ಹಿಂದೆ ಬಿದ್ದು ಫಿಲ್ಮಿನ ಫೋಟೋ ವಾಟ್ಸಾಪ್ ಮಾಡಿಸಿದ್ರು. ಕಿಟಕಿ ಬೆಳಕಿಗೆ ಹಿಡಿದು ತೆಗೆದ ಫೋಟೋ, ಅರ್ಧ ಕಿಟಕಿ ಸರಳು, ಆದ್ರೂ ಊತ ಇರೋ ಜಾಗ ನಮ್ಮ ಡೋಸ್ ಪ್ಲಾನ್ ಇದ್ದ ಜಾಗವೇ ಅಂತ ಕಾಣ್ತಿತ್ತು. ಕರೆಸಿ ಮತ್ತೆ ಎಂಆರ್‌ಐ ಮಾಡಿದ್ವಿ, ರಕ್ತ ಸೋರಿದ್ರೆ ಹಿಡಿಯೋ ಎಸ್‌ಡಬ್ಲ್ಯೂಐ ಸೀಕ್ವೆನ್ಸ್ ಸೇರಿಸಿ, ಟ್ರೀಟ್ಮೆಂಟ್ ದಿನದ ಡೋಸ್ ಗೆರೆಗಳನ್ನ ಹೊಸ ಸ್ಕ್ಯಾನ್ ಮೇಲೆ ಕೂರಿಸಿ ನೋಡಿದ್ವಿ. ಹೊಸ ರಕ್ತಸ್ರಾವ ಇಲ್ಲ, ಊತ ಡೋಸ್ ಗೆರೆಗಳ ಸುತ್ತಲೇ ಇದೆ. ಇದು ರೇಡಿಯೇಷನ್‌ನಿಂದ ಬರೋ ಬದಲಾವಣೆ, ಸಾಮಾನ್ಯವಾಗಿ 6ರಿಂದ 18 ತಿಂಗಳ ನಡುವೆ ಬರುತ್ತೆ. ಸ್ಕ್ಯಾನಲ್ಲಿ ಮೂವರಲ್ಲಿ ಒಬ್ಬರಿಗೆ ಕಾಣಬಹುದು, ತೊಂದರೆ ಕೊಡೋದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನಕ್ಕೆ, ಶಾಶ್ವತವಾಗಿ ಉಳಿಯೋದು ಇನ್ನೂ ಕಡಿಮೆ. ಊತ ಇಳಿಸೋ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಶುರು ಮಾಡಿ ವಾರಗಟ್ಟಲೆ ನಿಧಾನಕ್ಕೆ ಇಳಿಸಿದ್ವಿ, ಮುಖ ಊದ್ಕೊಂಡಿತು ಅಂತ ಬೇಜಾರು ಮಾಡ್ಕೊಂಡ್ಲು, ಅದೂ ಇಳೀತು. ಕೈ ಪೂರ್ತಿ ಮೊದಲಿನ ಹಾಗೆ ಬರೋಕೆ ಅರ್ಧ ವರ್ಷದ ಮೇಲೆ ಹಿಡೀತು.

ಅದಾದ ಮೇಲೆ ನಮ್ಮಲ್ಲಿ ರೇಡಿಯೋಸರ್ಜರಿ ಆದ ಪ್ರತಿಯೊಬ್ಬರಿಗೂ ಪರ್ಸಲ್ಲಿ ಇಟ್ಕೊಳ್ಳೋ ಒಂದು ಕಾರ್ಡ್ ಕೊಡ್ತೀವಿ, ಕನ್ನಡದಲ್ಲೂ ಇಂಗ್ಲಿಷಲ್ಲೂ: ಯಾವ ಕಡೆ, ಯಾವ ತಾರೀಖು, ಎಷ್ಟು ಡೋಸ್, ಬಯಾಪ್ಸಿಗೆ ಮುಂಚೆ ಈ ನಂಬರಿಗೆ ಫೋನ್ ಮಾಡಿ. ಫೈಲ್ ಮನೇಲಿರುತ್ತೆ, ಪರ್ಸ್ ಜೊತೇಲಿರುತ್ತೆ.

ಮೂರನೇ ವರ್ಷದ ಎಂಆರ್‌ಐನಲ್ಲಿ ಕಪ್ಪು ಚುಕ್ಕಿ ಒಂದೂ ಇಲ್ಲ, ಎಂಆರ್ ಆಂಜಿಯೋನೂ ಕ್ಲೀನ್. ಮನೇಲಿ ಸಂಭ್ರಮ, ಆ ಹೊತ್ತಿಗೆ ಮದುವೆ ಮಾತುಕತೆನೂ ನಡೀತಿತ್ತು. ಕೊನೇದಾಗಿ ಡಿಎಸ್‌ಎ ಮಾಡ್ಸಿ ಅಂದಾಗ ಅಣ್ಣ ಮೊದಲ ಸಲ ಸಿಟ್ಟಾದ, "ಇಲ್ಲ ಅಂತ ನೀವೇ ಹೇಳಿ ಮತ್ತೆ ಚುಚ್ತೀನಿ ಅಂತೀರಲ್ಲ ಮೇಡಂ." ಅವನ ಸಿಟ್ಟಿಗೆ ಅರ್ಥ ಇತ್ತು, ಡಿಎಸ್‌ಎನಲ್ಲೂ ಸಣ್ಣದಾದ್ರೂ ಸ್ಟ್ರೋಕಿನ ಅಪಾಯ ಇದೆ, ಎಂಆರ್‌ಐನಲ್ಲಿ ಇಲ್ಲ. ಹಾಗಾಗಿಯೇ ಪ್ರತಿ ವರ್ಷ ಎಂಆರ್‌ಐನಲ್ಲೇ ನೋಡ್ತೀವಿ, ಅದರಲ್ಲಿ ಹೋಗಿದೆ ಅಂತ ಕಂಡ ಮೇಲಷ್ಟೇ ಡಿಎಸ್‌ಎ. ಆದ್ರೆ ವಾಸಿ ಆಗಿದೆ ಅನ್ನೋ ಮಾತು ಡಿಎಸ್‌ಎ ಇಲ್ದೆ ಹೇಳೋಕಾಗಲ್ಲ, ಅದರಲ್ಲೂ ಮುಂದೆ ಬಸಿರಾಗೋ ಹುಡುಗಿಗೆ. ಎರಡು ವಾರ ಯೋಚನೆ ಮಾಡಿ ಬಂದ್ರು.

ವರ್ಟಿಬ್ರಲ್‌ಗೆ ಡೈ ಬಿಟ್ಟು ಪಕ್ಕದ ನೋಟದಲ್ಲಿ ನೋಡ್ತಿದ್ದೆ. ನೈಡಸ್ ಅಂತ ಕರೆಯೋಕೆ ಏನೂ ಉಳಿದಿರ್ಲಿಲ್ಲ, ಆದ್ರೆ ಆರ್ಟರಿಗಳು ಇನ್ನೂ ಕಪ್ಪಾಗಿರೋವಾಗಲೇ ಆಳದ ವೇನ್ ಒಂದು ದಾರದೆಳೆಯಷ್ಟು ತೆಳ್ಳಗೆ ಕಾಣಿಸ್ಕೊಳ್ತು. ಅಷ್ಟು ಬೇಗ ವೇನ್ ತುಂಬಿದೆ ಅಂದ್ರೆ ದಾರಿ ಇನ್ನೂ ತೆರೆದಿದೆ. ಎಂಆರ್‌ಐಗೆ ಅಷ್ಟು ಸಣ್ಣ ಹರಿವು ಹಿಡಿಯೋಕೆ ಆಗಲ್ಲ.

ಈಗ ಎರಡು ದಾರಿ, ಈಗಲೇ ಎರಡನೇ ಸಲ ರೇಡಿಯೇಷನ್, ಇಲ್ಲಾ ಕಾಯೋದು. ಮೀಟಿಂಗಲ್ಲಿ ಅಭಿಪ್ರಾಯ ಎರಡಾಯ್ತು. ಮೊದಲನೇ ಡೋಸಿಗೇ ಊತ ಬಂದಿದ್ದ ಜಾಗ, ಎರಡನೇ ಸಲ ಕೊಟ್ರೆ ಕೈ ಶಾಶ್ವತವಾಗಿ ಹೋಗಬಹುದು ಅನ್ನೋದು ಒಂದು ಕಡೆ, ಮದುವೆ ಮುಂದಿದೆ, ತೆರೆದ ಎವಿಎಂ ಇಟ್ಕೊಂಡು ಕಾಯೋದು ಸರೀನಾ ಅನ್ನೋದು ಇನ್ನೊಂದು ಕಡೆ. ಮೂರು ವರ್ಷ ದಾಟಿದ ಮೇಲೂ ಮುಚ್ಚೋ ಎವಿಎಂಗಳಿವೆ, ಇಲ್ಲಿ ಉಳಿದಿರೋ ಹರಿವೂ ತೀರಾ ಕಡಿಮೆ, ಕಾಯೋಣ ಅಂತ ನಾನೂ ಹೇಳಿದೆ. ಆದ್ರೆ ಕಾಯೋಳು ಅವಳು, ಹಾಗಾಗಿ ಎರಡೂ ಲೆಕ್ಕ ಅವಳ ಮುಂದಿಟ್ವಿ, ಅಣ್ಣನನ್ನ ಹೊರಗೆ ಕೂರಿಸಿ ಅವಳೊಬ್ಬಳ ಹತ್ರಾನೇ ಮಾತಾಡಿದ್ವಿ. ಕಾಯ್ತೀನಿ ಅಂದ್ಲು, ಮದುವೆನೂ ಮುಂದಕ್ಕೆ ಹಾಕಿಸಿದ್ಲು, ಗಂಡಿನ ಕಡೆಯವರಿಗೆ ವಿಷಯ ತಾನೇ ಹೇಳಿದ್ಲು. ಅವರು ಒಪ್ಕೊಂಡ್ರು.

ಒಂದು ವರ್ಷ ಬಿಟ್ಟು ಮಾಡಿದ ಡಿಎಸ್‌ಎನಲ್ಲಿ ಆರ್ಟರಿ ತುಂಬ್ತು, ಕ್ಯಾಪಿಲರಿ ಹಂತದಲ್ಲಿ ಎಲ್ಲಾ ಕಡೆ ಒಂದೇ ಸಮ ಮಬ್ಬಾಯ್ತು, ವೇನ್‌ಗಳು ಎರಡೂ ಕಡೆ ತಮ್ಮ ಸರದಿ ಬಂದಾಗಲೇ ತುಂಬಿದವು. ಪೂರ್ತಿ ಮುಚ್ಚಿದೆ ಅಂತ ರಿಪೋರ್ಟ್ ಬರೆದೆ. ಇನ್ನು ಮಗು ಬಗ್ಗೆ ಯೋಚನೆ ಮಾಡಬಹುದು ಅಂತಲೂ ಹೇಳಿದ್ವಿ.

ಈಗ ಅವಳಿಗೆ ಮದುವೆ ಆಗಿದೆ, ಕೆಲಸಕ್ಕೂ ಹೋಗ್ತಿದ್ದಾಳೆ. ಮುಚ್ಚಿದ ಎವಿಎಂ ಮತ್ತೆ ಒಡೆಯೋದು ಅಪರೂಪ, ಆದ್ರೆ ಸೊನ್ನೆ ಅಲ್ಲ. ರೇಡಿಯೇಷನ್ ಆದ ಜಾಗದಲ್ಲಿ ಎಷ್ಟೋ ವರ್ಷದ ಮೇಲೆ ನೀರು ತುಂಬಿದ ಸಿಸ್ಟ್ ಆಗೋದೂ ಉಂಟು, ಅದಕ್ಕೇ ಎರಡು ಮೂರು ವರ್ಷಕ್ಕೊಂದು ಎಂಆರ್‌ಐ ಮುಂದುವರಿಸಬೇಕು ಅಂತ ಹೇಳಿದ್ದೀವಿ, ಮುಂದಿನದ್ದಕ್ಕೆ ಡೇಟೂ ಬರೆದು ಕೊಟ್ಟಾಗಿದೆ.